ಹೇಳದೆ ಹೋಗುವ ಕೆಲಸ

ಒಬ್ಬರ ಮನೆಗೆ ಹೇಳದೆ ಕೇಳದೆ ಹೋಗಬಹುದೇ ಎಂಬ ಪ್ರಶ್ನೆಗೆ ಬೇರೆ ಊರುಗಳಲ್ಲಿ ಏನು ಉತ್ತರವಿದೆಯೋ ನನಗೆ ಗೊತ್ತಿಲ್ಲ. ನಮ್ಮ ಧಾರವಾಡದಲ್ಲಿ ಧಾರಾಳವಾಗಿ ಹೋಗಬಹುದು. ಆದರೆ ಹೋದವನು ಏನೂ ತಿನ್ನದೆ ಎದ್ದು ಬರುವುದು ಮಾತ್ರ ಸಾಧ್ಯವಿಲ್ಲ. ಕರೆಂಟಿನ ಮೀಟರು ನೋಡಲು ಬಂದವನಿಗೂ 'ಬರ್ರಿ, ಕುಂದರ್ರಿ, ಚಹಾ ಇಟ್ಟೇನಿ' ಅನ್ನುವ ಓಣಿ ನಮ್ಮದು. ಒಮ್ಮೆ ವಿಳಾಸ ತಪ್ಪಿ ನಮ್ಮ ಮನೆಗೆ ಬಂದ ಗೃಹಸ್ಥರೊಬ್ಬರು, ತಾವು ಹುಡುಕುತ್ತಿರುವ ಮನೆ ಹಿಂದಿನ ಓಣಿಯಲ್ಲಿದೆ ಎಂದು ತಿಳಿಯುವಷ್ಟರಲ್ಲಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮುಗಿಸಿ ಮಜ್ಜಿಗೆ ಅನ್ನಕ್ಕೆ ಬಂದಿದ್ದರು. ಅವರು ಯಾರು, ಯಾಕೆ ಬಂದಿದ್ದರು ಎಂದು ಕೇಳುವುದು ನಮಗೂ ಹೊಳೆಯಲಿಲ್ಲ. ಊಟಕ್ಕೆ ಕುಳಿತವರನ್ನು ಹಾಗೆಲ್ಲ ಕೇಳುವುದು ಸಭ್ಯತೆಯಲ್ಲ. ಹೋಗುವಾಗ ಅವರು ನನ್ನ ಹೆಂಡತಿಗೆ ಕೈಮುಗಿದು, 'ತಂಗೀ, ಹೊಟ್ಟಿ ತಣ್ಣಗಾತು' ಎಂದು ಹರಸಿ, ಹಿಂದಿನ ಓಣಿಗೆ ಇನ್ನೊಂದು ಊಟಕ್ಕೆ ಹೋದರು. ಇಂಥ ಊರಿನಲ್ಲಿ ಹುಟ್ಟಿ ಬೆಳೆದ ನಾನು ಹೊಟ್ಟೆಪಾಡಿಗೆ ಹಿಡಿದಿರುವ ಕೆಲಸ ಯಾವುದು ಗೊತ್ತೇ? ಊರೂರಿಗೆ ಹೇಳದೆ ಹೋಗುವುದು, ಏನೂ ಮುಟ್ಟದೆ ಬರುವುದು.

ಬಿಡಿಸಿ ಹೇಳುತ್ತೇನೆ. ಶಿಕ್ಷಕರ ಬಗ್ಗೆ ಸಂಶೋಧನೆ ಮಾಡುವ ಒಂದು ಸಂಸ್ಥೆಯಲ್ಲಿ ನಾನು ಕ್ಷೇತ್ರ ಸಂಶೋಧಕ. ಸರಕಾರಿ ಶಾಲೆಗಳಲ್ಲಿ ಶಿಕ್ಷಕರು ಎಷ್ಟು ಬೇಕು, ಎಷ್ಟಿದ್ದಾರೆ, ಇರುವವರು ಪಾಠದ ಹೊತ್ತಿನಲ್ಲಿ ನಿಜವಾಗಿಯೂ ತರಗತಿಯಲ್ಲಿರುತ್ತಾರೋ, ಇಲ್ಲದಿದ್ದರೆ ಎಲ್ಲಿಗೆ ಹೋಗಿರುತ್ತಾರೆ ಎಂಬುದು ನಮ್ಮ ಈಗಿನ ಪ್ರಾಜೆಕ್ಟಿನ ವಿಷಯ. ನಾವು ಕಂಡದ್ದು ಇಲಾಖೆಗೆ ಹೋಗುತ್ತದೆ, ಅಲ್ಲಿ ದೊಡ್ಡವರು ಕುಳಿತು ಅದರ ಮೇಲೆ ನೀತಿ ರೂಪಿಸುತ್ತಾರೆ. ನೀತಿಯ ಗೊಡವೆ ನನಗಿಲ್ಲ. ನನ್ನದು ಬರೀ ತಲೆ ಎಣಿಸುವ ಕೆಲಸ. ಇದಕ್ಕೆ ಎರಡೇ ನಿಯಮ. ಒಂದು, ಭೇಟಿ ಅನಿರೀಕ್ಷಿತವಾಗಿರಬೇಕು. ಎರಡು, ಶಾಲೆಯಲ್ಲಿ ನೀರಿನ ಹೊರತು ಏನನ್ನೂ ಸ್ವೀಕರಿಸಬಾರದು, ಯಾಕೆಂದರೆ ತಿಂದವನ ಕಣ್ಣು ಮೆತ್ತಗಾಗುತ್ತದೆಯಂತೆ. ಈ ನಿಯಮಗಳನ್ನು ಬರೆದವರು ನಮ್ಮ ಪ್ರಾಜೆಕ್ಟಿನ ಮುಖ್ಯಸ್ಥೆ, ಮೈಸೂರು ಕಡೆಯ ಡಾಕ್ಟರ್ ಮಾಲಿನಿ. ಬಹಳ ಓದಿದವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕೆಲಸದಲ್ಲಿ ಖಡಕ್ಕು. ನಮ್ಮ ಕಡೆಯ ಊರುಗಳನ್ನು ಅವರು ಆಗ ನಕಾಶೆಯಲ್ಲಿ ಮಾತ್ರ ನೋಡಿದ್ದರು.

ನನ್ನ ತೊಂದರೆ ಆರಂಭವಾದದ್ದು ಊಟದ ಡಬ್ಬಿಯಿಂದ. ನನ್ನ ಹೆಂಡತಿ ಶೋಭಾ ಅಮ್ಮಿನಬಾವಿಯ ಮಗಳು. ಅವರ ಮನೆತನ ಎಷ್ಟು ದೊಡ್ಡದೆಂದರೆ, ಧಾರವಾಡದಿಂದ ಯಾವ ದಿಕ್ಕಿಗೆ ಬಸ್ಸು ಹತ್ತಿದರೂ ಅವಳ ಕಾಕಾನ ಮಗಳೋ, ಸೋದರತ್ತೆಯ ಸೊಸೆಯೋ ಇಲ್ಲದ ಊರು ಸಿಗುವುದು ಕಷ್ಟ. ದಿನಾ ಬೆಳಿಗ್ಗೆ ಅವಳು ಒಂದೇ ಪ್ರಶ್ನೆ ಕೇಳುತ್ತಾಳೆ: "ಇವತ್ತ ಯಾವೂರಿಗೆ ಹೊಂಟ್ರಿ? ಡಬ್ಬಿ ಕಟ್ಲ್ಯೋ ಬ್ಯಾಡೋ?" ನಾನು ಊರಿನ ಹೆಸರು ಹೇಳಿದರೆ, "ಅಯ್ಯ, ಅಲ್ಲೆ ನಮ್ಮ ಗಂಗಕ್ಕ ಇರಾಕಿ. ಡಬ್ಬಿ ಯಾಕ ಬೇಕು? ಫೋನ್ ಹಚ್ಚತೇನಿ ತಡೀರಿ" ಅನ್ನುತ್ತಾಳೆ. ನಾನು ಬೂಟಿನ ಲೇಸು ಕಟ್ಟುವುದರೊಳಗೆ ಫೋನು ಹೋಗಿರುತ್ತದೆ. ಗಂಗಕ್ಕನ ಬಾಯಿಂದ ಸುದ್ದಿ ಶಾಲೆಯ ಬಿಸಿಯೂಟದ ಅಡುಗೆಯವಳಿಗೆ, ಅವಳಿಂದ ಹೆಡ್‌ಮಾಸ್ತರರಿಗೆ. ನನ್ನ ಬಸ್ಸು ಊರ ಅಗಸಿ ಬಾಗಿಲು ತಲುಪುವಾಗ ಹೆಡ್‌ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿರುತ್ತಾರೆ. "ಬರ್ರಿ ಸರ. ಬಸ್ಸು ಭಾಳ ತಡಾ ಆತೇನ್ರಿ? ಒಂಬತ್ತೂವರೀಗೆ ಬರ್ತೀರಿ ಅಂದಿದ್ರು" ಎಂದು ಚಿಂತೆಯಿಂದ ವಿಚಾರಿಸುತ್ತಾರೆ. ಒಳಗೆ ನೋಡಿದರೆ ಎಲ್ಲ ಶಿಕ್ಷಕರೂ ಹಾಜರು, ಎಲ್ಲ ಮಕ್ಕಳ ತಲೆಗೂ ಎಣ್ಣೆ. ಅನಿರೀಕ್ಷಿತ ಭೇಟಿಯಲ್ಲಿ ಅನಿರೀಕ್ಷಿತವಾದದ್ದು ಏನಾದರೂ ಇದ್ದರೆ ಅದು ಮಧ್ಯಾಹ್ನ ಗಂಗಕ್ಕನ ಮನೆಯ ಪಲ್ಯ ಮಾತ್ರ.

ನಾನೇನು ಸುಮ್ಮನಿರಲಿಲ್ಲ. ಹೆಂಡತಿಗೆ ತಿಳಿಸಿ ಹೇಳಿದೆ. ಇದು ಸಂಶೋಧನೆ, ಗುಟ್ಟಾಗಿ ಹೋಗಬೇಕು, ಇಲ್ಲದಿದ್ದರೆ ಅರ್ಥವೇ ಇಲ್ಲ ಎಂದೆ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಮಂದಿ ಮನಿಗೆ ಹೇಳದ ಹೋಗಾವ್ರು ಪೋಲಿಸ್ರು ಅಷ್ಟರಿ. ನೀವೇನ ಪೋಲಿಸ್ರೇನು? ನಾಳೆ ಗಂಗಕ್ಕ, 'ನಿನ್ನ ಗಂಡ ನಮ್ಮೂರಿಗೆ ಬಂದು ನಮ್ಮನಿ ಮೆಟ್ಟಲಾ ಹತ್ತಲಿಲ್ಲ' ಅಂದ್ರ ನಾ ಎಲ್ಲೆ ಮುಖಾ ಇಟಗೊಳ್ಳಿ?" ಅಂದಳು. ಊರಿನ ಹೆಸರು ಹೇಳುವುದನ್ನೇ ನಿಲ್ಲಿಸಿ ನೋಡಿದೆ. ಆಗ ಅವಳು ನಾನು ಯಾವ ಸ್ಟ್ಯಾಂಡಿಗೆ ಹೋಗುತ್ತೇನೆಂದು ವಿಚಾರಿಸಿ, ಆ ದಿಕ್ಕಿನಲ್ಲಿರುವ ಎಲ್ಲ ಬೀಗರಿಗೂ ಫೋನು ಹಚ್ಚತೊಡಗಿದಳು. ಪರಿಣಾಮವಾಗಿ, ಮೊದಲು ಒಂದು ಶಾಲೆಯ ಶಿಕ್ಷಕರು ಹಾಜರಿರುತ್ತಿದ್ದರೆ ಈಗ ಒಂದಿಡೀ ರಸ್ತೆಯ ಶಾಲೆಗಳ ಶಿಕ್ಷಕರು ಹಾಜರಿರತೊಡಗಿದರು. ಶಿಕ್ಷಕರ ಗೈರುಹಾಜರಿ ತಡೆಯಲು ಸರಕಾರ ಏನೇನೋ ಮಾಡಿತು. ನನ್ನ ಹೆಂಡತಿಯಷ್ಟು ಕೆಲಸ ಮಾಡಿದ್ದು ಬೇರೊಂದಿಲ್ಲ.

ಒಂದು ದಿನ ಮಾಲಿನಿ ಮೇಡಂ ಫೋನು ಮಾಡಿದರು. "ನಿಮ್ಮ ಡೇಟಾ ತುಂಬಾ ಚೆನ್ನಾಗಿದೆ. ಅದೇ ನನಗೆ ಚಿಂತೆ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. "ಯಾವ ಶಾಲೆಯಲ್ಲೂ ಒಬ್ಬ ಟೀಚರೂ ಗೈರುಹಾಜರಿಲ್ಲ. ಒಬ್ಬರಿಗೆ ಜ್ವರ ಕೂಡ ಬಂದಿಲ್ಲ. ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ, ನೀವು ನಿಜವಾಗ್ಲೂ ಶಾಲೆಗಳಿಗೆ ಹೋಗ್ತಿದ್ದೀರಾ? ಅಥವಾ ಮನೇಲಿ ಕೂತು ತುಂಬಿಸ್ತಿದ್ದೀರಾ?" ಮನೆಯಲ್ಲಿ ಕೂತು ತುಂಬಿಸುವುದೇ! ಬಿಸಿಲು ಧೂಳು ಎನ್ನದೆ ಬಸ್ಸಿನಲ್ಲಿ ಜೋತಾಡಿಕೊಂಡು ಹೋದವನು ನಾನು. ಆದರೆ ಹೇಳುವುದೇನು? 'ಮೇಡಂ, ಹೋಗಿದ್ದು ಖರೇ, ಆದರೆ ನಾನು ಹೋಗುವ ಮೊದಲೇ ನನ್ನ ಹೆಂಡತಿಯ ಫೋನು ಹೋಗಿತ್ತು' ಎನ್ನಲೇ? ಹೇಳಿದರೆ ಕೆಲಸ ಕೆಟ್ಟಿತು, ಹೇಳದಿದ್ದರೆ ಮರ್ಯಾದೆ ಕೆಟ್ಟಿತು. ನಾನು ತಡವರಿಸುತ್ತಿದ್ದಂತೆ ಅವರೇ, "ಸೋಮವಾರ ನಾನೇ ಬರ್ತೀನಿ. ಇಬ್ಬರೂ ಸೇರಿ ಒಂದು ಶಾಲೆಗೆ ಹೋಗೋಣ. ಯಾರಿಗೂ ಹೇಳಬೇಡಿ" ಎಂದು ಫೋನಿಟ್ಟರು. ನನ್ನದು ಕರಾರಿನ ನೌಕರಿ; ಅದು ಮುಂದುವರಿಯುವುದೂ ಬಿಡುವುದೂ ಆ ಸೋಮವಾರದ ಮೇಲೆ ನಿಂತಿತು.

ಸೋಮವಾರ ಬೆಳಿಗ್ಗೆ ಶೋಭಾ ಎಂದಿನಂತೆ ಕೇಳಿದಳು. "ಇವತ್ತ ಆಫೀಸಿನ್ಯಾಗ ಕುಂದರೂದೈತಿ, ಡಬ್ಬಿ ಕಟ್ಟು" ಅಂದೆ. ಅವಳು ನನ್ನ ಮುಖವನ್ನೇ ನೋಡಿ, "ಸುಳ್ಳ ಹೇಳಾಕತ್ತೀರಿ" ಎಂದಳು, ಆದರೂ ಡಬ್ಬಿ ಕಟ್ಟಿದಳು. ಮೇಡಂ ಇಳಿದಿದ್ದ ಲಾಡ್ಜಿಗೆ ಹೋಗಿ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕೆಲಗೇರಿ ಕೆರೆಯ ಬದಿಯಿಂದ ಹಾದು, ಅದರಾಚೆಯ ಒಂದು ಸಣ್ಣ ಊರಿಗೆ ಹೊರಟೆ. ಊರಿನ ಹೆಸರು ಹೇಳುವುದಿಲ್ಲ. ಹೆಂಡತಿಯ ಬಳಗದವರು ಒಬ್ಬರೂ ಇಲ್ಲದ ಊರು ಎಂದು ಬಹಳ ಯೋಚಿಸಿ ಆರಿಸಿದ್ದೆ. ಹಾದಿಯಲ್ಲಿ ನನ್ನ ಮನಸ್ಸಿನಲ್ಲಿದ್ದ ಪ್ರಾರ್ಥನೆ ಒಂದೇ: ದೇವರೇ, ಇವತ್ತು ಯಾರಾದರೂ ಒಬ್ಬ ಶಿಕ್ಷಕರು ಗೈರುಹಾಜರಿರಲಿ. ಮಕ್ಕಳ ವಿದ್ಯಾಭ್ಯಾಸದ ಮೇಲೆ ಸಂಶೋಧನೆ ಮಾಡುವವನು ಬೇಡಿಕೊಳ್ಳುವ ವರ ಇದು!

ಶಾಲೆ ಕಿರಿಯ ಪ್ರಾಥಮಿಕ, ಒಂದೇ ದೊಡ್ಡ ಕೋಣೆ, ಎದುರಿಗೆ ಬೇವಿನ ಮರ. ಇದ್ದ ಮಾಸ್ತರರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಐದೂ ತರಗತಿಗಳನ್ನು ನೋಡಿಕೊಳ್ಳುತ್ತಿದ್ದವರು ರೇಣುಕಾ ಅಕ್ಕೋರು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಅನ್ನುತ್ತಾರೆ. ಇವರು ಅತಿಥಿ ಶಿಕ್ಷಕಿ, ವರ್ಷ ವರ್ಷ ಹೊಸದಾಗಿ ಆದೇಶ ಬಂದರೆ ಮಾತ್ರ ಉಳಿಯುವ ನೌಕರಿ. ನಾವು ಬಾಗಿಲಲ್ಲಿ ನಿಂತಾಗ ಅವರು ಒಂದು ಸಾಲಿಗೆ ಮಗ್ಗಿ ಹೇಳಿಸುತ್ತ, ಇನ್ನೊಂದು ಸಾಲಿನ ಪಾಟಿ ತಿದ್ದುತ್ತ, ಕಣ್ಣಿನಿಂದಲೇ ಮೂರನೆಯ ಸಾಲಿನ ಜಗಳ ಬಿಡಿಸುತ್ತಿದ್ದರು. ಯಾರಿಂದಲೂ ಸುದ್ದಿ ಬಂದಿರಲಿಲ್ಲ, ಅದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ನಾವು ಯಾರು, ಯಾಕೆ ಬಂದೆವು ಎಂದು ಮೇಡಂ ವಿವರಿಸಿದರು. ಅಕ್ಕೋರಿಗೆ ಭಯವೇನೂ ಆಗಲಿಲ್ಲ. ಆದದ್ದು ಸಂಕಟ.

"ಅಲ್ರಿ ಸರ, ಹೇಳದ ಬಂದ್ರ ಹೆಂಗ್ರಿ? ಒಂದ್ ಮಾತ ತಿಳಿಸಿದ್ರ ಮನಿಯಿಂದ ಏನಾರ ಮಾಡ್ಕೊಂಡ ಬರ್ತಿದ್ನೆಲ್ರಿ. ಈ ಬಿಸಲಾಗ ಬಂದೀರಿ" ಎಂದು ನನಗೆ ಹೇಳಿದರು, ನಾನು ತಮ್ಮ ಕಡೆಯವನೆಂದು ಮಾತಿನಲ್ಲೇ ಗುರುತು ಹಿಡಿದಿದ್ದರು. ಮೇಡಂ, "ಏನೂ ಬೇಡ, ನಾವು ಏನೂ ತಗೊಳ್ಳಲ್ಲ" ಅಂದರು. ಈ ಮಾತನ್ನು ಧಾರವಾಡದ ಸೀಮೆಯಲ್ಲಿ ಯಾರೂ ಮಾತೆಂದು ಪರಿಗಣಿಸುವುದಿಲ್ಲ. ಅತಿಥಿಗಳು ಮೊದಲು ಹಾಗೆ ಅನ್ನಬೇಕು, ಅದು ಪದ್ಧತಿ. ಅಕ್ಕೋರು ಮಕ್ಕಳ ಕಡೆ ತಿರುಗಿ, "ಏಳರ ಮಗ್ಗಿ ನಡೀಲಿ. ನಾ ಈಗ ಬಂದೆ" ಎಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟರು. "ಯಾರಾದರೂ ಹುಡುಗರನ್ನ ಕಳಸ್ರಿ, ನೀವ್ಯಾಕ ಹೋಗ್ತೀರಿ?" ಅಂದೆ. ಅವರು ಹೊಸ್ತಿಲಲ್ಲಿ ನಿಂತು, "ಹುಡುಗರನ್ನ ಚಹಾಕ್ಕ ಕಳಸಿದ್ರ ನೀವು ಅದನ್ನೂ ಬರ್ಕೋತೀರಿ, ನನಗ ಗೊತ್ತೈತ್ರಿ" ಎಂದು ನಕ್ಕು, ಶಾಲೆಯ ಗೋಡೆಗೆ ಹೊಂದಿಕೊಂಡಿದ್ದ ಪಕ್ಕದ ಮನೆಯೊಳಗೆ ಮಾಯವಾದರು.

ಮೇಡಂ ಕೈಯಲ್ಲಿದ್ದ, ಹಾಜರಿ ದಾಖಲಿಸುವ ನಮ್ಮ ಟ್ಯಾಬು ಸರಿಯಾಗಿ ಆಗಲೇ ಗಂಟೆ ಬಾರಿಸಿತು. ಅದರ ಸ್ವಭಾವವೇ ಹಾಗೆ. ಶಾಲೆ ತಲುಪಿದ ಸ್ವಲ್ಪ ಹೊತ್ತಿಗೆ ಅದು ಕೇಳುತ್ತದೆ: ಈ ಕ್ಷಣ ಶಿಕ್ಷಕರು ಎಲ್ಲಿದ್ದಾರೆ? ಪಾಠ ಮಾಡುತ್ತಿದ್ದಾರೆ, ಸರಕಾರಿ ಕೆಲಸಕ್ಕೆ ಹೋಗಿದ್ದಾರೆ, ರಜೆಯಲ್ಲಿದ್ದಾರೆ, ಕಾರಣವಿಲ್ಲದೆ ಗೈರುಹಾಜರು. ಇವುಗಳಲ್ಲಿ ಒಂದನ್ನು ಒತ್ತಬೇಕು. ಅಕ್ಕೋರು ಪಾಠ ಮಾಡುತ್ತಿದ್ದರೇ? ಹೌದೆನ್ನಲೂ ಬರುವಂತಿರಲಿಲ್ಲ, ಅಲ್ಲವೆನ್ನಲೂ ಬರುವಂತಿರಲಿಲ್ಲ. ಯಾಕೆಂದರೆ ಗೋಡೆಯಾಚೆಯ ಅಡುಗೆಮನೆಯಿಂದ ಒಗ್ಗರಣೆಯ ಚಟಪಟದ ನಡುವೆ, "ಏಳ ಐದಲೆ?" ಎಂದು ಅವರ ದನಿ ಬರುತ್ತಿತ್ತು. ಮಕ್ಕಳು ಕಿಟಕಿಯ ಕಡೆ ಮುಖ ಮಾಡಿ, "ಮೂವತ್ತೈದು!" ಎಂದು ಕೂಗುತ್ತಿದ್ದವು. "ಮಂಜ್ಯಾ, ನಿಂದ ದನಿ ಕೇಳವಲ್ದು" ಎಂದು ಆ ಕಡೆಯಿಂದ ಬಂತು. ಬಾಯಿ ಮುಚ್ಚಿ ಕುಳಿತಿದ್ದ ಮಂಜ್ಯಾ ಬೆಚ್ಚಿಬಿದ್ದು ಎಲ್ಲರಿಗಿಂತ ಜೋರಾಗಿ ಶುರು ಮಾಡಿದ. ಆದರೆ ಟ್ಯಾಬಿಗೆ ದನಿ ಬೇಕಿರಲಿಲ್ಲ, ಆಳು ಬೇಕಿತ್ತು. ಮೇಡಂ ಒಂದು ಗಳಿಗೆ ಯೋಚಿಸಿ, ಕೊನೆಯದನ್ನು ಒತ್ತಿದರು. ಕಾರಣವಿಲ್ಲದೆ ಗೈರುಹಾಜರು.

ಅಕ್ಕೋರು ಸ್ಟೀಲಿನ ತಾಟಿನಲ್ಲಿ ಒಗ್ಗರಣೆ ಅವಲಕ್ಕಿ, ಮೇಲೆ ಹುರಿದ ಶೇಂಗಾ, ಎರಡು ಕಪ್ ಚಹಾ ತಂದಿಟ್ಟರು. ನಾನು ನಿಯಮವನ್ನು ನೆನೆಸಿಕೊಂಡೆ, ಶೇಂಗಾವನ್ನು ನೋಡಿದೆ, ನಿಯಮವನ್ನು ಮರೆತೆ. ಮೇಡಂ ನೀರು ಮಾತ್ರ ಕುಡಿದರು. ಅಕ್ಕೋರ ಮುಖ ಸಣ್ಣದಾಯಿತು. "ಮೇಡಂ, ಒಂದ್ ತುತ್ತಾರೆ ತಗೋರಿ. ನಾಳೆ ಈ ಹುಡುಗರು, 'ಅಕ್ಕೋರ, ಬಂದವರು ಹಂಗ ಹೋದ್ರಲ್ರಿ' ಅಂದ್ರ ನಾ ಏನ ಹೇಳ್ಲಿ?" ಎಂದು ಕೇಳಿಕೊಂಡರು. ಮೇಡಂ ತಲೆಯಾಡಿಸಿದರು. ಹೊರಡುವಾಗ ಅಕ್ಕೋರು ಬಾಗಿಲತನಕ ಬಂದು ಮೆಲ್ಲಗೆ, "ನಮ್ಮದು ಒಂದ್ ವರ್ಷದ ನೌಕರಿರಿ ಮೇಡಂ, ಮುಂದಿನ ವರ್ಷದ ಆರ್ಡರ್ ಇನ್ನ ಬಂದಿಲ್ಲ. ಛಲೋ ಬರೀರಿ ಅಂತ ಕೇಳೂದಿಲ್ಲ. ಇದ್ದದ್ದ ಬರೀರಿ, ಸಾಕು" ಅಂದರು.

ಬೇವಿನ ಮರದ ಕೆಳಗೆ ಸ್ಕೂಟರಿನ ಹತ್ತಿರ ಮೇಡಂ ಮೊದಲ ಬಾರಿಗೆ ನನ್ನನ್ನು ನೋಡಿ ಮುಗುಳ್ನಕ್ಕರು. "ನೋಡಿ, ಇದು ನಿಜವಾದ ಡೇಟಾ. ಇಂಥದ್ದು ಒಂದು ಸೇರಿದ್ರೆ ನಿಮ್ಮ ಉಳಿದ ಶಾಲೆಗಳನ್ನೂ ನಂಬೋ ಹಾಗಾಗುತ್ತೆ. ನಿಮ್ಮ ಬಗ್ಗೆ ನನ್ನ ಅನುಮಾನ ಹೋಯ್ತು" ಅಂದರು. ಖರೇ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಂತೋಷ. ಕರಾರು ಉಳಿಯಿತು, ಮರ್ಯಾದೆ ಉಳಿಯಿತು, ಬೇಡಿದ ವರ ಸಿಕ್ಕಿತು. ಸುಮ್ಮನೆ ಸ್ಕೂಟರಿಗೆ ಕಿಕ್ ಹೊಡೆದಿದ್ದರೆ ಮುಗಿದಿತ್ತು. ಆದರೆ ಒಳಗಿನಿಂದ ಎಂಟರ ಮಗ್ಗಿ ಕೇಳುತ್ತಿತ್ತು. ನಮ್ಮ ವರದಿಯಲ್ಲಿ ಶಿಕ್ಷಕರ ಹೆಸರು ಬರುವುದಿಲ್ಲ, ಅದು ನಮ್ಮ ಹೆಮ್ಮೆ; ಶಾಲೆಯ ಹೆಸರು ಮಾತ್ರ ಇಲಾಖೆಗೆ ಹೋಗುತ್ತದೆ. ಒಬ್ಬರೇ ಅಕ್ಕೋರಿರುವ ಶಾಲೆಗೆ ಮತ್ತೆ ಬೇರೆ ಹೆಸರು ಯಾಕೆ ಬೇಕು? ಮುಂದಿನ ವರ್ಷದ ಆದೇಶಕ್ಕೆ ಸಹಿ ಹಾಕುವ ಪುಣ್ಯಾತ್ಮ ಈ ಸಾಲನ್ನು ಓದಿದರೆ ಅಕ್ಕೋರ ನೌಕರಿ ಹೋದಂತೆಯೇ.

"ಮೇಡಂ, ಈ ಶಾಲೆಯನ್ನ ಬಿಟ್ಟುಬಿಡ್ರಿ" ಅಂದೆ. ಅವರು ಹುಬ್ಬೇರಿಸಿದರು. "ಅಕ್ಕೋರು ಎದ್ದು ಹೋದದ್ದು ನಮ್ಮ ಸಲುವಾಗಿ. ನಾವು ಬರದಿದ್ದರ ಅವರು ಅಲ್ಲೇ ಇರ್ತಿದ್ರು." ಮೇಡಂ ಶಾಂತವಾಗಿಯೇ, "ಟೀ ಮಾಡಿ ಅಂತ ನಾವು ಹೇಳಲಿಲ್ಲ. ಇದನ್ನ ಬಿಟ್ಟರೆ ನಿಮ್ಮ ಹಳೇ ಡೇಟಾ ಬಗ್ಗೆ ನಾನೇನು ಹೇಳಲಿ?" ಅಂದರು. "ಅದನ್ನೂ ಬಿಡ್ರಿ" ಎಂದು ಹೇಳಿ, ಡಬ್ಬಿಯಿಂದ ಹಿಡಿದು ಗಂಗಕ್ಕನತನಕ ಎಲ್ಲವನ್ನೂ ಹೇಳಿಬಿಟ್ಟೆ. ಮೇಡಂ ಟ್ಯಾಬನ್ನು ಚೀಲದೊಳಗಿಟ್ಟು, "ಅಂದರೆ ನಮ್ಮ ಸರ್ವೆ ಮಾಡ್ತಿದ್ದದ್ದು ನಿಮ್ಮ ಹೆಂಡತಿ" ಅಂದರು. ಸಂಜೆಯೊಳಗೆ ತೀರ್ಮಾನವಾಯಿತು: ನನ್ನ ಶಾಲೆಗಳೆಲ್ಲ ರದ್ದು. ಮೇಡಂ ಸ್ವತಃ ಇಲ್ಲೇ ಉಳಿದು ಎಲ್ಲವನ್ನೂ ಹೊಸದಾಗಿ ಮಾಡುತ್ತಾರೆ, ಈ ಶಾಲೆಯದನ್ನು ಕೊನೆಗೆ ನಿರ್ಧರಿಸುತ್ತಾರೆ. ನಾನು ಧಾರವಾಡದ ಆಫೀಸಿನಲ್ಲಿ ಕುರ್ಚಿ ಬಿಟ್ಟು ಏಳದೆ ಕೂರಬೇಕು. ಮನೆಯಲ್ಲಿ ಶೋಭಾಗೆ ಇದನ್ನೆಲ್ಲ ಹೇಳಿದಾಗ ಅವಳಿಗೆ ತನ್ನ ಫೋನಿನ ಬಗ್ಗೆ ಒಂದಿಷ್ಟೂ ಪಶ್ಚಾತ್ತಾಪವಾಗಲಿಲ್ಲ. "ಆ ಮೇಡಂ ಬಾಯಾರನ್ನ ಲಾಡ್ಜಿನ್ಯಾಗ ಇಳಸೀರೇನು? ಹೆಣ್ಮಗಳು, ಊಟಕ್ಕ ಏನ ಮಾಡ್ತಾಳೋ ಏನೋ" ಎಂದು ನನ್ನನ್ನೇ ಬೈದಳು.

ಅಲ್ಲಿಂದ ಮುಂದಿನ ದಿನಗಳನ್ನು ನಾನು ಆಫೀಸಿನ ಕಿಟಕಿಯಿಂದ ರಸ್ತೆ ನೋಡುತ್ತ ಕಳೆದೆ. ಮೇಡಂ ಬಾಡಿಗೆಯ ಕಾರು ಮಾಡಿಕೊಂಡು, ಡ್ರೈವರನಿಗೂ ಕೊನೆಯ ತಿರುವಿನತನಕ ಊರು ಯಾವುದೆಂದು ಹೇಳದೆ ಓಡಾಡುತ್ತಿದ್ದಾರೆಂದು ಸುದ್ದಿ ಬರುತ್ತಿತ್ತು. ನನಗೆ ನನ್ನ ಕರಾರಿನ ಚಿಂತೆಗಿಂತ ಆ ಅಕ್ಕೋರದೇ ಚಿಂತೆ ಹತ್ತಿತ್ತು. ಒಂದು ಮಧ್ಯಾಹ್ನ ಕಿಟಕಿಯಿಂದ ನೋಡುತ್ತೇನೆ, ರಸ್ತೆಯಾಚೆ ಕಾರು ನಿಂತಿದೆ, ಮೇಡಂ ಇಳಿಯುತ್ತಿದ್ದಾರೆ. ಬರುವುದಾಗಿ ಒಂದು ಮಾತು ತಿಳಿಸಿರಲಿಲ್ಲ. ಬಿಸಿಲಿಗೆ ಮುಖ ಕೆಂಪಾಗಿತ್ತು. ನಾನು ದಡಬಡಿಸಿ ಎದ್ದು, ಹಿತ್ತಿಲ ಬಾಗಿಲಿನಿಂದ ಓಡಿ, ಹಿಂದಿನ ಅಂಗಡಿಯಲ್ಲಿ ಚುರುಮುರಿಯ ಗಿರ್ಮಿಟ್ಟು, ಎರಡು ಮಿರ್ಚಿ ಭಜಿ, ಎರಡು ಚಹಾ ಕಟ್ಟಿಸಿಕೊಂಡು ಏದುಸಿರು ಬಿಡುತ್ತ ವಾಪಸು ಬಂದೆ. ಮೇಡಂ ನನ್ನ ಮೇಜಿನ ಎದುರು ಕೂತಿದ್ದರು, ತೊಡೆಯ ಮೇಲೆ ಟ್ಯಾಬು.

ನಾನು ಏನೂ ಕೇಳುವ ಮೊದಲೇ ಅವರು ಕೈಚಾಚಿ ಒಂದು ಮಿರ್ಚಿ ತಗೊಂಡರು. ನಾನು ಬೆರಗಾಗಿ ನೋಡಿದೆ. "ಒಂದು ವಾರಕ್ಕೇ ಸೋತೆ" ಅಂದರು. "ಎಲ್ಲಿಗೆ ಹೋದರೂ ಟೀಚರು ಪಾಠ ಮಾಡ್ತಿರ್ತಾರೆ, ನನ್ನನ್ನ ನೋಡಿದ ಕೂಡಲೇ ಎದ್ದು ಒಲೆ ಹಚ್ಚೋಕೆ ಹೋಗ್ತಾರೆ. ಟ್ಯಾಬು ಗಂಟೆ ಹೊಡೆಯುತ್ತೆ, ಕ್ಲಾಸಿನಲ್ಲಿ ಟೀಚರಿಲ್ಲ. ನಿಜವಾಗ್ಲೂ ಶಾಲೆಗೆ ಬಾರದೇ ಇದ್ದವರೂ ಸಿಕ್ಕರು, ಇಲ್ಲ ಅನ್ನಲ್ಲ. ಆದರೆ ನಾನು ಗೈರುಹಾಜರು ಅಂತ ಒತ್ತಿದವರಲ್ಲಿ ಹೆಚ್ಚಿನವರು ನನಗೆ ಅವಲಕ್ಕಿ ಕಲಸ್ತಿದ್ದರು." ಗಿರ್ಮಿಟ್ಟಿನ ಪೊಟ್ಟಣ ಬಿಚ್ಚುತ್ತ ಹೇಳಿದರು, "ಅದಕ್ಕೇ ನಿಯಮ ಬದಲಾಯಿಸಿದೆ. ಇನ್ನು ಸ್ವಲ್ಪ ಹೊತ್ತಾದ ಮೇಲೆ ನೋಡೋದಲ್ಲ. ನಾವು ಬಾಗಿಲಲ್ಲಿ ಕಾಲಿಟ್ಟ ಕ್ಷಣ ಯಾರು ತಮ್ಮ ಜಾಗದಲ್ಲಿದ್ದಾರೋ ಅವರು ಹಾಜರು. ಹಳೆಯದನ್ನೂ ಹಾಗೇ ತಿದ್ದಿ ಇವತ್ತು ಕಳಿಸಿದೆ."

"ರೇಣುಕಾ ಅಕ್ಕೋರು?" ಎಂದು ಕೇಳಿದೆ.

"ಹಾಜರು. ಪಾಠ ಮಾಡುತ್ತಿದ್ದರು ಅಂತಲೇ ಹೋಗಿದೆ."

ನನಗಾದ ಸಮಾಧಾನ ಹೇಳತೀರದು. ಕುರ್ಚಿಯಲ್ಲಿ ಕೂತು, ಚಹಾದ ಕಪ್ಪೆತ್ತಿ, "ಛಲೋ ಆತ್ರಿ ಮೇಡಂ, ಭಾಳ ಛಲೋ ಆತು" ಅಂದೆ. ಅವರು ಬೆರಳು ಒರೆಸಿಕೊಂಡು ಟ್ಯಾಬನ್ನು ನನ್ನ ಕಡೆ ತಿರುಗಿಸಿದರು. ನಮ್ಮ ಆಫೀಸಿನ ಹೆಸರಿತ್ತು, ಅದರ ಕೆಳಗೆ ನನ್ನ ಹೆಸರು.

"ಆಫೀಸುಗಳನ್ನೂ ಹೀಗೇ ನೋಡಬೇಕು ಅಂತ ನಮ್ಮ ಸಂಸ್ಥೆಯವರು ಹೊಸದಾಗಿ ಸೇರಿಸಿದ್ದಾರೆ" ಅಂದರು. "ನಾನು ಬಾಗಿಲಲ್ಲಿ ಕಾಲಿಟ್ಟಾಗ ಈ ಕುರ್ಚಿ ಖಾಲಿ ಇತ್ತು."

"ಮೇಡಂ, ನಿಮ್ಮ ಸಲುವಾಗೇ..." ಎಂದು ಮಿರ್ಚಿಯ ಕಡೆ ಕೈ ತೋರಿಸಿದೆ.

"ಗೊತ್ತು. ಆದರೆ ಆ ಟೀಚರುಗಳೆಲ್ಲ ನನ್ನನ್ನ ಬರಮಾಡಿಕೊಂಡ ಮೇಲೆ ಎದ್ದು ಹೋದರು. ನೀವೋ, ನಾನು ಬಾಗಿಲಿಗೆ ಬರೋದಕ್ಕೆ ಮುಂಚೆಯೇ ಓಡಿಬಿಟ್ಟಿರಿ" ಎಂದು ಉಳಿದ ಮಿರ್ಚಿಯನ್ನೂ ತಗೊಂಡರು. ಹೀಗಾಗಿ ಶಿಕ್ಷಕರ ಗೈರುಹಾಜರಿಯನ್ನು ಕುರಿತ ನಮ್ಮ ಸಂಸ್ಥೆಯ ಆ ದೊಡ್ಡ ಅಧ್ಯಯನದಲ್ಲಿ, ಕೈಯಲ್ಲಿ ಚಹಾ ಹಿಡಿದುಕೊಂಡಿದ್ದೂ ಕಾರಣವಿಲ್ಲದೆ ಗೈರುಹಾಜರು ಎಂದು ದಾಖಲಾದವನು ನಾನೊಬ್ಬನೇ, ಮತ್ತು ನಾನು ಶಿಕ್ಷಕನೂ ಅಲ್ಲ.